ಪ್ರಸಾದನಿಲಯಗಳೂ ವಿದ್ಯಾರ್ಥಿಗಳ ವ್ಯಾಸಂಗವೂ

ಕನ್ನಡನಾಡಿನ ಮಠಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗುರುಪರಂಪರೆಯನ್ನೂ ಗದ್ದುಗೆಗಳನ್ನೂ ಜಾತ್ರೆ ರಥೋತ್ಸವಗಳನ್ನೂ ವರ್ಣಿಸುವರು. ಅದು ಯೋಗ್ಯವೇ ಸರಿ. ಆದರೆ ಮಠದ ಪಡಸಾಲೆಯಲ್ಲಿ ದೀಪದ ಮುಂದೆ ಕುಳಿತು ಲೆಕ್ಕ ಮಾಡಿದ, ಪಾಠವನ್ನು ಗಟ್ಟಿಯಾಗಿ ಓದಿದ ಬಡ ಬಾಲಕರ ಕಥೆಯೂ ಆ ಚರಿತ್ರೆಯ ಒಂದು ಭಾಗವಾಗಿರುವುದು. ದಾಸೋಹವೆಂಬ ಶರಣರ ತತ್ತ್ವವು ಆಧುನಿಕ ಕಾಲದಲ್ಲಿ ಯಾವ ರೂಪವನ್ನು ತಾಳಿತೆಂಬುದು ಆ ಕಥೆಯಿಂದ ತಿಳಿಯುವುದು.

19ನೆಯ ಶತಮಾನದ ಅಂತ್ಯಭಾಗದಲ್ಲಿ ಹಳ್ಳಿಯ ಒಕ್ಕಲಮಗನ ವಿದ್ಯೆಯು ಬಹುಶಃ ಊರ ಶಾಲೆಯಲ್ಲಿಯೇ ಮುಗಿಯುತ್ತಿದ್ದಿತು. ಮುಂಬಯಿ ಕರ್ನಾಟಕದಲ್ಲಿ ಮುಲ್ಕಿ ಪರೀಕ್ಷೆಯನ್ನೂ ಮೈಸೂರು ಸೀಮೆಯಲ್ಲಿ ಲೋಯರ್ ಸೆಕೆಂಡರಿಯನ್ನೂ ದಾಟಿ ಮುಂದೆ ಹೋಗಬೇಕೆಂದರೆ ಪಟ್ಟಣವನ್ನು ಸೇರಬೇಕಾಗಿದ್ದಿತು. ಅಲ್ಲಿ ಅವನಿಗೆ ಎರಡು ಕಷ್ಟಗಳು ಎದುರಾಗುತ್ತಿದ್ದುವು. ಮೊದಲನೆಯದು ಊಟ ವಸತಿಗಳ ಕಷ್ಟ. ವಾರಾನ್ನದಿಂದ ಹೊಟ್ಟೆ ಹೊರೆದುಕೊಳ್ಳುವವನು ದಿನಕ್ಕೊಂದು ಮನೆಯ ಬಾಗಿಲನ್ನು ಕಾಯಬೇಕಾಗಿದ್ದಿತು. ಆ ಸೌಕರ್ಯವೂ ಎಲ್ಲ ಜಾತಿಯ ಬಾಲಕರಿಗೆ ಸಮನಾಗಿ ದೊರೆಯುತ್ತಿರಲಿಲ್ಲ. ಎರಡನೆಯದು ವ್ಯಾಸಂಗದ ಕಷ್ಟ. ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದುವು. ಆದುದರಿಂದ ಇಂಗ್ಲಿಷಿನಲ್ಲಿ ಹಿಂದುಳಿದವನು ಅದೊಂದರಲ್ಲಿ ಮಾತ್ರವೇ ಹಿಂದುಳಿಯುತ್ತಿರಲಿಲ್ಲ. ಬೀಜಗಣಿತದ ಲೆಕ್ಕವನ್ನು ಬಿಡಿಸಬಲ್ಲವನಿಗೂ ಪ್ರಶ್ನೆಯ ಅರ್ಥವಾಗುತ್ತಿರಲಿಲ್ಲ. ಚರಿತ್ರೆಯನ್ನು ಬಲ್ಲವನಿಗೂ ಉತ್ತರ ಬರೆಯಲು ಮಾತು ಒದಗುತ್ತಿರಲಿಲ್ಲ. ಹೀಗೆ ಒಂದು ಭಾಷೆಯ ಕೊರತೆಯು ಸಕಲ ವಿಷಯಗಳ ಕೊರತೆಯಾಗಿ ಪರಿಣಮಿಸುತ್ತಿದ್ದಿತು. ಪರೀಕ್ಷೆಯಲ್ಲಿ ಒಂದು ಬಾರಿ ತಪ್ಪಿದವನಿಗೆ ಮತ್ತೊಂದು ವರುಷದ ವೆಚ್ಚವನ್ನು ಒದಗಿಸುವ ಶಕ್ತಿ ತಂದೆತಾಯಿಗಳಿಗೆ ಇರುತ್ತಿರಲಿಲ್ಲ. ಅವನು ಪುಸ್ತಕವನ್ನು ಕಟ್ಟಿಟ್ಟು ನೇಗಿಲ ಮೇಣಿಗೆ ಹಿಂದಿರುಗುತ್ತಿದ್ದನು.

ಈ ಕೊರತೆಯನ್ನು ಮೊದಲು ಮನಗಂಡವರಲ್ಲಿ ಗಿಲಗಂಚಿ ಗುರುಸಿದ್ದಪ್ಪನವರೂ ಅರಟಾಳ ರುದ್ರಗೌಡರೂ ಪ್ರಾತಃಸ್ಮರಣೀಯರು. ಅವರ ಪ್ರಯತ್ನದಿಂದ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು. ಬಡ ವಿದ್ಯಾರ್ಥಿಗಳ ಓದಿಗೆ ಸಮಾಜವೇ ಹೊಣೆಯೆಂಬ ಭಾವನೆಗೆ ಅದು ತಳಹದಿಯಾಯಿತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಮೊದಲ ಶಾಲೆಯನ್ನು ತೆರೆದರು. ಆ ಶಾಲೆಯು ಮುಂದೆ ಗಿಲಗಂಚಿ ಅರಟಾಳರ ಹೆಸರಿನಿಂದಲೇ ಪ್ರಸಿದ್ಧವಾದುದು ಹಿರಿಯರ ಋಣಸ್ಮರಣೆಯೇ ಆಗಿದೆ. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳವರು ಉಚಿತ ಪ್ರಸಾದನಿಲಯವನ್ನು ನಡೆಯಿಸಿ, ದೂರದ ಹಳ್ಳಿಗಳ ಬಾಲಕರಿಗೆ ಆಶ್ರಯವನ್ನಿತ್ತರು. ಶಾಲೆಯು ಪಾಠವನ್ನು ಹೇಳಿದರೆ, ಆ ಪಾಠವನ್ನು ಅರಗಿಸಿಕೊಳ್ಳಲು ಬೇಕಾದ ನೆಲೆಯನ್ನೂ ನೆಮ್ಮದಿಯನ್ನೂ ಮಠವು ಕೊಟ್ಟಿತು.

ಮೈಸೂರು ಸೀಮೆಯಲ್ಲಿಯೂ ಇದೇ ಭಾವನೆಯು ಬೇರೆ ದಾರಿಯಿಂದ ಬೆಳೆಯಿತು. ಬೆಂಗಳೂರಿನ ರೈಲುನಿಲ್ದಾಣದ ಸಮೀಪದಲ್ಲಿ ಧರ್ಮಛತ್ರವನ್ನು ಕಟ್ಟಿಸಿದ ವರ್ತಕಶ್ರೇಷ್ಠರಾದ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರು ತಮ್ಮ ಸಂಪತ್ತನ್ನು ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಮುಡುಪಾಗಿಟ್ಟರು. ಅವರು 1910ರಲ್ಲಿ ಲಿಂಗೈಕ್ಯರಾದರೂ ಅವರ ಹೆಸರಿನ ವಿದ್ಯಾರ್ಥಿನಿಲಯವು ತಲೆಮಾರುಗಳವರೆಗೆ ಹಳ್ಳಿಯ ಮಕ್ಕಳಿಗೆ ರಾಜಧಾನಿಯಲ್ಲಿ ಮನೆಯಾಯಿತು. ತುಮಕೂರಿನ ಬಳಿಯ ಸಿದ್ಧಗಂಗಾ ಕ್ಷೇತ್ರದಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. ಭಕ್ತರು ತಂದೊಪ್ಪಿಸಿದ ರಾಗಿ ಅಕ್ಕಿ ಕಾಯಿಪಲ್ಯಗಳೇ ಅಲ್ಲಿಯ ಭಂಡಾರವಾಗಿದ್ದುವು.

ಈ ಎರಡು ನೆಲೆಗಳನ್ನು ಕೂಡಿಸಿದುದು ಒಬ್ಬ ವಿದ್ಯಾರ್ಥಿಯ ಬಾಳು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶಿವಣ್ಣನವರು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡರು. ತುಮಕೂರಿನಲ್ಲಿ ಹೈಸ್ಕೂಲು ವ್ಯಾಸಂಗವನ್ನು ಮಾಡಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಅನಂತರ ಬೆಂಗಳೂರಿನ ತೋಟದಪ್ಪನವರ ನಿಲಯದಲ್ಲಿದ್ದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಗಣಿತಶಾಸ್ತ್ರಗಳನ್ನು ಅಭ್ಯಸಿಸಿದರು. 1930ರಲ್ಲಿ ಸಿದ್ಧಗಂಗೆಯ ಉತ್ತರಾಧಿಕಾರಿಗಳಾಗಿದ್ದ ಶ್ರೀ ಮರುಳಾರಾಧ್ಯರು ಲಿಂಗೈಕ್ಯರಾಗಲು, ಉದ್ದಾನ ಶಿವಯೋಗಿಗಳವರ ದೃಷ್ಟಿಯು ಈ ತರುಣನ ಮೇಲೆ ಬಿದ್ದಿತು. ಅದೇ ವರುಷದ ಮಾರ್ಚ್ 3ರಂದು ಶಿವಣ್ಣನವರು ನಿರಂಜನ ದೀಕ್ಷೆಯನ್ನು ಪಡೆದು ಶ್ರೀ ಶಿವಕುಮಾರ ಸ್ವಾಮಿಗಳಾದರು; 1941ರಲ್ಲಿ ಮಠದ ಪೂರ್ಣಭಾರವನ್ನು ವಹಿಸಿದರು. ಕನ್ನಡ ಸಂಸ್ಕೃತ ಇಂಗ್ಲಿಷುಗಳನ್ನೂ ಗಣಿತ ವಿಜ್ಞಾನಗಳನ್ನೂ ತಾವೇ ಕಷ್ಟಪಟ್ಟು ಕಲಿತಿದ್ದ ಆ ಪೂಜ್ಯರಿಗೆ ಹಳ್ಳಿಯ ಬಾಲಕನು ಯಾವ ಎಡೆಯಲ್ಲಿ ಎಡವುವನೆಂಬುದನ್ನು ಬೇರೊಬ್ಬರು ಹೇಳಬೇಕಾಗಿರಲಿಲ್ಲ. ಒಂದು ನಿಲಯದಲ್ಲಿ ಅವರು ಉಂಡ ಅನ್ನವು ಮತ್ತೊಂದು ನೆಲೆಯಲ್ಲಿ ಸಾವಿರಾರು ಮಡಿಯಾಗಿ ಬೆಳೆಯಿತು. ಶ್ರೀಗಳವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಜಾತಿಮತಗಳ ಭೇದವಿಲ್ಲದೆ 8,000ಕ್ಕೂ ಹೆಚ್ಚು ಮಕ್ಕಳು ಅಲ್ಲಿ ಪ್ರಸಾದವನ್ನೂ ವಿದ್ಯೆಯನ್ನೂ ಪಡೆಯುತ್ತಿದ್ದರು.

ಪ್ರಸಾದನಿಲಯದಿಂದ ವಿದ್ಯೆ ಬೆಳೆಯುವ ಬಗೆಯನ್ನು ವಿಚಾರಿಸಿದರೆ ಮೂರು ಅಂಶಗಳು ಕಾಣುವುವು. ಮೊದಲನೆಯದು ಕಾಲನಿಯಮ. ಪ್ರಾತಃಕಾಲದ ಮತ್ತು ಸಾಯಂಕಾಲದ ಸಾಮೂಹಿಕ ಪ್ರಾರ್ಥನೆಯ ಹಿಂದು ಮುಂದಿನ ಹೊತ್ತು ಓದಿಗೆ ಮೀಸಲಾದಾಗ ಅಭ್ಯಾಸವು ಮನಸ್ಸಿನ ಇಚ್ಛೆಗೆ ಬಿಟ್ಟದ್ದಾಗದೆ ನಿತ್ಯವ್ರತವಾಗುವುದು. ಗಣಿತಕ್ಕೆ ಇದಕ್ಕಿಂತ ಮಿಗಿಲಾದ ಮದ್ದಿಲ್ಲ. ದಿನಕ್ಕೆ ನಾಲ್ಕು ಲೆಕ್ಕಗಳನ್ನು ಬಿಡಿಸುವವನು ಪರೀಕ್ಷೆಯ ಹಿಂದಿನ ದಿನ ನಾಲ್ವತ್ತನ್ನು ಬಿಡಿಸುವವನಿಗಿಂತ ಮುಂದಿರುವನು. ಎರಡನೆಯದು ಸಹವಾಸ. ಮೇಲಿನ ತರಗತಿಯವನು ಕೆಳಗಿನವನಿಗೆ ತಾಯ್ನುಡಿಯಲ್ಲಿ ತಿಳಿಯಹೇಳಿದಾಗ ಪರಭಾಷೆಯ ಪಾಠದ ಕಗ್ಗಂಟು ಸಡಿಲುವುದು. ಹೇಳಿದವನ ತಿಳಿವಳಿಕೆಯೂ ಗಟ್ಟಿಯಾಗುವುದು. ಸಂಸ್ಕೃತವನ್ನು ಬಲ್ಲವನು ಲೆಕ್ಕದಲ್ಲಿ ಹಿಂದಿರಬಹುದು, ಲೆಕ್ಕವನ್ನು ಬಲ್ಲವನು ವ್ಯಾಕರಣದಲ್ಲಿ ಹಿಂದಿರಬಹುದು. ಒಂದೇ ಪಂಕ್ತಿಯಲ್ಲಿ ಉಣ್ಣುವವರು ಒಬ್ಬರ ಕೊರತೆಯನ್ನೊಬ್ಬರು ತುಂಬಿಕೊಳ್ಳುವರು. ಮೂರನೆಯದು ಕಾಯಕ. ಪ್ರಸಾದ ಬಡಿಸುವುದು, ಅಂಗಳ ಗುಡಿಸುವುದು, ತೋಟಕ್ಕೆ ನೀರೆರೆಯುವುದು ಮೊದಲಾದವುಗಳಲ್ಲಿ ಕೈ ಕೂಡಿಸಿದ ಬಾಲಕನಿಗೆ ತಾನು ಭಿಕ್ಷೆಯ ಅನ್ನವನ್ನುಣ್ಣುವೆನೆಂಬ ಕುಗ್ಗು ಇರುವುದಿಲ್ಲ. ಕುಗ್ಗಿಲ್ಲದ ಮನಸ್ಸು ತಿಳಿಯದುದನ್ನು ಕೇಳಲು ಅಂಜುವುದಿಲ್ಲ. ಕೇಳಲು ಅಂಜದಿರುವುದೇ ಕಲಿಕೆಯ ಮೊದಲ ಮೆಟ್ಟಿಲು.

ಈ ಚರಿತ್ರೆಯಿಂದ ಭಕ್ತಸಮೂಹವು ಗ್ರಹಿಸಬೇಕಾದ ವಿಷಯವೊಂದುಂಟು. ಪಂಕ್ತಿಯಲ್ಲಿ ಕುಳಿತವರ ಎಣಿಕೆಯಿಂದ ಮಾತ್ರವೇ ದಾಸೋಹವನ್ನು ಅಳೆಯಲಾಗದು. ಉಂಡ ಬಾಲಕನು ಆ ರಾತ್ರಿ ಯಾವ ಪಾಠವನ್ನು ಅರಿತನು, ಅರಿಯದೆ ಉಳಿದುದನ್ನು ತಿಳಿಯಹೇಳುವವರು ಅವನ ಬಳಿ ಇದ್ದರೇ ಎಂಬುದನ್ನೂ ವಿಚಾರಿಸಬೇಕು. ಈಗ ಶಾಲೆಗಳು ಊರೂರಿಗೆ ಬಂದಿವೆ. ಆದರೆ ಗಣಿತಕ್ಕೂ ಇಂಗ್ಲಿಷಿಗೂ ಹೆದರಿ ಹಿಂಜರಿಯುವ ಮಕ್ಕಳು ಇಲ್ಲದಿಲ್ಲ. ಹಿಂದೆ ಬಹುಮಟ್ಟಿಗೆ ಬಾಲಕರಿಗೇ ದೊರೆತ ಈ ಆಸರೆಯು ಬಾಲಿಕೆಯರಿಗೂ ಸಮನಾಗಿ ಸಲ್ಲತಕ್ಕುದು. ಧಾನ್ಯದ ಮೂಟೆಯನ್ನು ಹೊತ್ತು ತರುವ ಭಕ್ತರು ಅದರೊಡನೆ ಒಂದು ಪುಸ್ತಕವನ್ನೂ ತರಲಿ. ವಿದ್ಯಾವಂತರಾದ ಹಳೆಯ ಶಿಷ್ಯರು ವಾರಕ್ಕೊಂದು ಸಂಜೆಯನ್ನು ಕಿರಿಯರ ಪಾಠಕ್ಕೆ ಮುಡುಪಾಗಿಡಲಿ. ಮಹೋತ್ಸವದ ತೋರಣಗಳು ಬಾಡಿದ ಮೇಲೆಯೂ ಪಡಸಾಲೆಯಲ್ಲಿ ಓದಿನ ಧ್ವನಿಯು ಕೇಳಿಬರುತ್ತಿರುವುದಾದರೆ, ಪೂರ್ವದ ಗುರುವರ್ಯರ ಶ್ರಮವು ಸಾರ್ಥಕವಾಗುವುದು.