ರಮ್ ಪೀಪಾಯಿಯಲ್ಲಿ ಮಲಗಿದ ರೈ ವಿಸ್ಕಿ: ಒಂದು ಗುಟುಕು, ಮುನ್ನೂರು ವರ್ಷ

ಇವತ್ತಿನ ಕಂತಿನಲ್ಲಿ ಒಂದು ವಿಸ್ಕಿಯ ರುಚಿ ನೋಡ್ತಾ ಅಮೆರಿಕದ ಇತಿಹಾಸದೊಳಗೆ ಇಳಿಯೋಣ. ವಿಸ್ಕಿ ಹೆಸರು ಏಂಜಲ್ಸ್ ಎನ್ವಿ ರೈ. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಕಂಪನಿಯದು. 2013ರಲ್ಲಿ ಮಾರುಕಟ್ಟೆಗೆ ಬಂತು.

ಮೊದಲು ಹೆಸರು ಬಿಡಿಸೋಣ. ರೈ ಅಂದ್ರೆ ಹಿಂದಿಯವರ ರಾಯಿ ಅಲ್ಲ, ಸಾಸಿವೆಗೂ ಇದಕ್ಕೂ ಸಂಬಂಧವಿಲ್ಲ. ಇದು ಗೋಧಿಯ ಬಳಗದ, ಚಳಿ ತಡೆಯುವ ಧಾನ್ಯ. ಅಮೆರಿಕದ ಕಾನೂನಿನ ಪ್ರಕಾರ ಧಾನ್ಯದ ಮಿಶ್ರಣದಲ್ಲಿ ಕನಿಷ್ಠ ಶೇ 51ರಷ್ಟು ರೈ ಇರಬೇಕು, ಒಳಗೆ ಸುಟ್ಟು ಕಪ್ಪಾಗಿಸಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಈ ಬಾಟಲಿಯಲ್ಲಿ ಶೇ 95ರಷ್ಟು ರೈ. ಹೊಸ ಪೀಪಾಯಿಯ ವಾಸ ಮುಗಿದ ಮೇಲೆ ಇದನ್ನ ಕೆರಿಬಿಯನ್ ರಮ್ ಇದ್ದ ಹಳೆ ಪೀಪಾಯಿಗೆ ಸುರಿದು ಮತ್ತೆ ಕೆಲವು ತಿಂಗಳು ಮಲಗಿಸ್ತಾರೆ. ಆ ಪೀಪಾಯಿಗಳು ರಮ್ಮಿಗೂ ಮೊದಲು ಫ್ರಾನ್ಸಿನ ಕೊನ್ಯಾಕ್ ತುಂಬಿಕೊಂಡಿದ್ದವು. ಅಂದ್ರೆ ಒಂದೇ ಮರ, ಮೂರು ಮದ್ಯ.

ಮದ್ಯಸಾರ ಶೇ 50. ಲೇಬಲ್ಲಿನಲ್ಲಿ 100 ಪ್ರೂಫ್. ಅಮೆರಿಕದಲ್ಲಿ ಲೆಕ್ಕ ಸುಲಭ: ಶೇಕಡಾವಾರಿನ ಎರಡರಷ್ಟು. ಬ್ರಿಟಿಷರ ಹಳೇ ಲೆಕ್ಕ ಬೇರೆ. ಮದ್ಯದಲ್ಲಿ ನೆನೆಸಿದ ಕೋವಿಮದ್ದು ಹೊತ್ತಿಕೊಂಡರೆ ಅದು ಪ್ರೂಫ್. ಸುಮಾರು ಶೇ 57. ನಮ್ಮ ಅಂಗಡಿಗಳ ಬಾಟಲಿ ಮೇಲೆ ಶೇ 42.8 ಅಂತ ವಿಚಿತ್ರ ದಶಮಾಂಶ ನೋಡಿರ್ತೀರಲ್ಲ? ಆ 57ರ ಮುಕ್ಕಾಲು ಭಾಗ ಅದು, 75 ಪ್ರೂಫ್. ಬ್ರಿಟಿಷರು ಹೋದರೂ ಅವರ ಅಬಕಾರಿ ಲೆಕ್ಕ ನಮ್ಮಲ್ಲೇ ಉಳಿದುಕೊಂಡಿದೆ.

ಈಗ ರುಚಿ. ಮೂಗಿಗೆ ಹಿಡಿದರೆ ಮೊದಲು ಬರೋದು ಜೋನಿಬೆಲ್ಲದ ವಾಸನೆ, ಆಲೆಮನೆ ಪಕ್ಕ ನಿಂತ ಹಾಗೆ. ಅದು ರಮ್ ಕೊಟ್ಟದ್ದು. ನಾಲಿಗೆಗೆ ತಾಗಿದ ಮೇಲೆ ಕಾಳುಮೆಣಸು, ಲವಂಗ, ಸ್ವಲ್ಪ ಶುಂಠಿ. ಅದು ರೈ. ನೀರು ಹಾಕದೆ ಕುಡಿದರೆ ಗಂಟಲು ಚುರುಗುಟ್ಟುತ್ತೆ. ನಾಲ್ಕು ಹನಿ ನೀರು ಬಿದ್ದರೆ ಖಾರ ಹಿಂದೆ ಸರಿದು ಸಿಹಿ ಮುಂದೆ ಬರುತ್ತೆ. ನನಗೆ ಸಿಹಿ ಒಂದು ಕೈ ಜಾಸ್ತಿ ಅನ್ನಿಸಿತು, ಆದರೆ ಲೋಟ ಖಾಲಿಯಾಯ್ತು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಈ ಜೋಡಿಯ ಹಿಂದಿನ ಕಥೆ. ಯಾಕಂದ್ರೆ ಅಮೆರಿಕದಲ್ಲಿ ರಮ್ಮನ್ನ ಮೂಲೆಗೆ ತಳ್ಳಿದ್ದೇ ವಿಸ್ಕಿ.

1700ರ ದಶಕದಲ್ಲಿ ಆ ವಸಾಹತುಗಳ ಮುಖ್ಯ ಮದ್ಯ ರಮ್. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬು, ಅದರ ಕಾಕಂಬಿ, ಅದು ಹಡಗಲ್ಲಿ ಬಂದು ನ್ಯೂ ಇಂಗ್ಲೆಂಡಿನಲ್ಲಿ ರಮ್ ಆಗ್ತಿತ್ತು. ಬ್ರಿಟನ್ 1733ರಲ್ಲಿ ಕಾಕಂಬಿ ಮೇಲೆ, 1764ರಲ್ಲಿ ಸಕ್ಕರೆ ಕಾಯ್ದೆ ಮೂಲಕ ಮತ್ತೆ ಸುಂಕ ಹಾಕಿತು. ಸ್ವಾತಂತ್ರ್ಯ ಯುದ್ಧ ಶುರುವಾದಾಗ ಕಾಕಂಬಿಯ ದಾರಿಯೇ ಕಟ್ಟಿಹೋಯ್ತು. ಒಳನಾಡಿನ ರೈತರ ಹತ್ತಿರ ಮಾತ್ರ ರೈ ಇತ್ತು. ಅದನ್ನೇ ಬಟ್ಟಿ ಇಳಿಸಿದರು.

ಯುದ್ಧ ಗೆದ್ದ ಹೊಸ ಸರ್ಕಾರದ ಮೇಲೆ ಸಾಲ. ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ ಮದ್ಯಕ್ಕೆ ತೆರಿಗೆ ತಂದ. ಬಿ.ಕಾಂ ಓದಿದವನಿಗೆ ಇಲ್ಲಿ ಕಣ್ಣು ನಿಲ್ಲುತ್ತೆ. ಪಶ್ಚಿಮ ಪೆನ್ಸಿಲ್ವೇನಿಯಾದ ರೈತ ಬೆಟ್ಟ ದಾಟಿಸಿ ಧಾನ್ಯ ಸಾಗಿಸಿದರೆ ಸಾಗಣೆ ಖರ್ಚಿಗೇ ಲಾಭ ಮುಗೀತಿತ್ತು; ವಿಸ್ಕಿ ಮಾಡಿದರೆ ಭಾರ ಕಡಿಮೆ, ಬೆಲೆ ಜಾಸ್ತಿ. ಅವನ ಕೈಯಲ್ಲಿ ನಗದು ಓಡಾಡ್ತಿರಲಿಲ್ಲ, ವಿಸ್ಕಿಯೇ ಹಣದ ಹಾಗೆ ನಡೀತಿತ್ತು. ತೆರಿಗೆ ಮಾತ್ರ ನಗದಲ್ಲೇ ಕಟ್ಟಬೇಕು. 1794ರಲ್ಲಿ ದಂಗೆ ಎದ್ದಿತು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ಸೇನೆ ಸೇರಿಸಿ, ಅರ್ಧ ದಾರಿ ತಾನೇ ಹೊರಟ. ದಂಗೆ ಕರಗಿತು. ತೆರಿಗೆ ರದ್ದಾದದ್ದು 1802ರಲ್ಲಿ.

ಮುಂದಿನದು ಕೇಳಿ. ಅಧಿಕಾರ ಬಿಟ್ಟ 1797ರಲ್ಲೇ ಅದೇ ವಾಷಿಂಗ್ಟನ್ ಮೌಂಟ್ ವರ್ನನ್ ತೋಟದಲ್ಲಿ ವಿಸ್ಕಿ ಶುರು ಮಾಡಿದ. ಸಲಹೆ ಕೊಟ್ಟವನು ಅವನ ಮ್ಯಾನೇಜರ್, ಸ್ಕಾಟ್ಲೆಂಡಿನ ಜೇಮ್ಸ್ ಆಂಡರ್ಸನ್. ಶೇ 60 ರೈ, ಶೇ 35 ಮೆಕ್ಕೆಜೋಳ, ಶೇ 5 ಮೊಳಕೆ ಬಾರ್ಲಿ. 1799ರಲ್ಲಿ ಸುಮಾರು 11,000 ಗ್ಯಾಲನ್ ತಯಾರಾಯ್ತು. ಒಲೆ ಹತ್ತಿರ ದುಡಿದವರು ಆರು ಜನ ಗುಲಾಮರು: ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ತಿಮೋತಿ. ತೋಟದ ದಾಖಲೆಯಲ್ಲಿ ಅವರ ಹೆಸರು ಉಳಿದಿರುವುದರಿಂದ ಇವತ್ತು ಹೇಳೋಕಾಗ್ತಿದೆ. ಕಾಕಂಬಿ ಬಿಟ್ಟು ರೈಗೆ ಬಂದ ದೇಶ ಗುಲಾಮಗಿರಿಯನ್ನ ಬಿಟ್ಟು ಬಂದಿರಲಿಲ್ಲ.

ಇನ್ನು "ಬೇರೆ ಪೀಪಾಯಿಯ ರುಚಿ ಹತ್ತಿಸೋದು ಕಲಬೆರಕೆ ಅಲ್ವಾ" ಅನ್ನೋ ಪ್ರಶ್ನೆ. ಕಲಬೆರಕೆಯ ಕಾಲವನ್ನೂ ಅಮೆರಿಕ ನೋಡಿದೆ. 19ನೇ ಶತಮಾನದಲ್ಲಿ ಬರೀ ಮದ್ಯಸಾರಕ್ಕೆ ಬಣ್ಣ, ಒಣಹಣ್ಣಿನ ರಸ ಬೆರೆಸಿ ಹಳೇ ವಿಸ್ಕಿ ಅಂತ ಮಾರಿದವರಿದ್ದರು. ಅದಕ್ಕೇ 1897ರ ಕಾಯ್ದೆ ಬಂತು. "ಬಾಟಲ್ಡ್ ಇನ್ ಬಾಂಡ್" ಅಂತ ಬರೆಯಬೇಕಾದರೆ ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಸರ್ಕಾರಿ ಕಾವಲಿನ ಗೋದಾಮಿನಲ್ಲಿ ನಾಲ್ಕು ವರ್ಷ, 100 ಪ್ರೂಫ್. 1920ರಿಂದ 1933ರವರೆಗಿನ ಪಾನನಿಷೇಧ ರೈ ಉದ್ಯಮದ ಬೆನ್ನು ಮುರಿದರೂ ಈ ಕಾಯ್ದೆಯ ಬುದ್ಧಿ ಉಳಿಯಿತು: ಏನು ಬೇಕಾದರೂ ಮಾಡು, ಮಾಡಿದ್ದನ್ನ ಲೇಬಲ್ಲಲ್ಲಿ ಬರೆ. ಹಾಗಾಗಿ ಈ ಬಾಟಲಿ ಮೇಲೆ ಬರೀ ರೈ ಅಂತ ಬರೆಯುವ ಹಾಗಿಲ್ಲ, ರಮ್ ಪೀಪಾಯಿಯಲ್ಲಿ ಮುಗಿಸಿದ್ದು ಅಂತಲೂ ಇರಬೇಕು. ನನ್ನ ಮಟ್ಟಿಗೆ ಕಲಬೆರಕೆಗೂ ಪ್ರಯೋಗಕ್ಕೂ ವ್ಯತ್ಯಾಸ ಇಷ್ಟೇ.

ಮೌಂಟ್ ವರ್ನನ್ ಡಿಸ್ಟಿಲರಿಯನ್ನ ಹಳೇ ಪಾಯದ ಮೇಲೇ ಮತ್ತೆ ಕಟ್ಟಿ 2007ರಲ್ಲಿ ತೆರೆದಿದ್ದಾರೆ. ಆ ಕಡೆ ಇರುವ ನಮ್ಮ ಕೇಳುಗರು ಯಾರಾದರೂ ಹೋಗಿ ಬಂದಿದ್ದರೆ ಬರೆದು ತಿಳಿಸಿ, ಆ ಆರು ಜನರ ಬಗ್ಗೆ ಅಲ್ಲಿ ಏನು ಹೇಳ್ತಾರೆ ಅಂತ. ಮುಂದಿನ ವಾರ ಸಿಗೋಣ.