ಕಡಿಮೆ ಬೆಲೆಯ ಕೊಳಲಿನ ಕಥೆ

ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಲ್ಲಾಗಲಿ, ಜಮಖಂಡಿ, ಮುಧೋಳ, ಬೀಳಗಿಗಳ ಸಂತೆಯಲ್ಲಾಗಲಿ ಕೊಳಲು ಮಾರುವವನನ್ನು ದೂರದಿಂದಲೇ ಗುರುತಿಸಬಹುದು. ಉದ್ದನೆಯ ಗಳದ ತುದಿಗೆ ಹತ್ತಾರು ಕೊಳಲುಗಳನ್ನು ಸಿಕ್ಕಿಸಿಕೊಂಡು, ಒಂದನ್ನು ತಾನೇ ಊದುತ್ತ ಬರುತ್ತಾನೆ. "ಇದು ಯಾವ ಪಟ್ಟೀದು, ಕಾಕಾ?" ಎಂದು ಹುಡುಗನೊಬ್ಬ ಕೇಳಿದರೆ, "ಎಲ್ಲಾ ಪಟ್ಟಿಗೂ ಬರತೈತಿ, ತಗೋ ತಮ್ಮಾ" ಎಂಬ ಉತ್ತರ ಸಿಗುತ್ತದೆ. ಮನೆಗೆ ಒಯ್ದು, ಭಜನೆಯ ಪೇಟಿಯ ಜೊತೆ ಊದಿದಾಗ ಒಂದು ಸ್ವರ ಕೂಡಿದರೆ ಇನ್ನೊಂದು ಕೂಡುವುದಿಲ್ಲ. ಹುಡುಗ ತಿಂಗಳೊಪ್ಪತ್ತು ಹೆಣಗಾಡಿ, ತನಗೆ ಸಂಗೀತವೇ ಬಾರದೆಂದು ತೀರ್ಮಾನಿಸಿ ಕೊಳಲನ್ನು ಅಟ್ಟಕ್ಕೆ ಸೇರಿಸುತ್ತಾನೆ. ತೂತು ತಪ್ಪಿದ್ದು ಬಿದಿರಿನಲ್ಲಿ, ಶಿಕ್ಷೆಯಾದದ್ದು ಹುಡುಗನಿಗೆ. ಹೋದ ಹಣಕ್ಕಿಂತ ಈ ನಷ್ಟ ದೊಡ್ಡದು.

ಈಗಿನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇನ್ನೊಂದು ಆಸೆಯೂ ಇದೆ. ಐರ್ಲೆಂಡಿನ ಕುಣಿತದ ಹಾಡುಗಳನ್ನು ನುಡಿಸುವ ಕಪ್ಪು ಮರದ ಕೊಳಲನ್ನು ಮೊಬೈಲಿನಲ್ಲಿ ಕೇಳಿ ಮನಸೋತಿರುತ್ತಾರೆ. ಬೆಲೆ ವಿಚಾರಿಸಿದರೆ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯ ಕುಶಲಕರ್ಮಿ ಮಾಡಿದ ಮರದ ಕೊಳಲು ಐವತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಸಾಗಣೆ, ಸುಂಕ ಬೇರೆ. ನೇಕಾರರ ಮನೆಯ, ಕಬ್ಬು ಬೆಳೆಯುವ ಸಣ್ಣ ರೈತನ ಮನೆಯ ಹುಡುಗನಿಗೆ ಇದು ಆಗದ ಮಾತು. ಆದರೆ ಈ ದುಬಾರಿ ವಾದ್ಯ ಒಂದು ಕಾಲದಲ್ಲಿ ಬಡವರ ಕೈಗೆ ಸೇರಿದ್ದೇ ಅಗ್ಗವಾಗಿ ಸಿಕ್ಕಿತೆಂಬ ಕಾರಣಕ್ಕೆ. ಆ ಇತಿಹಾಸ ಸ್ವಾರಸ್ಯವಾಗಿದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಕೊಳಲು ಮರದ್ದಾಗಿತ್ತು. ಬೆರಳಿಟ್ಟು ಮುಚ್ಚಲು ಆರು ತೂತು, ಜೊತೆಗೆ ಕೆಲವು ಲೋಹದ ಕೀಲಿಗಳು. ಮ್ಯೂನಿಕ್‌ನಲ್ಲಿ ಥಿಯೊಬಾಲ್ಡ್ ಬ್ಯೋಮ್ ಎಂಬಾತನಿದ್ದ. ಅಕ್ಕಸಾಲಿಗ ಮನೆತನದವನು, ಜೊತೆಗೆ ನುರಿತ ಕೊಳಲುಗಾರ. ೧೮೩೧ರಲ್ಲಿ ಲಂಡನ್ನಿಗೆ ಹೋದಾಗ ಚಾರ್ಲ್ಸ್ ನಿಕೋಲ್ಸನ್ ಎಂಬ ವಾದಕ ದೊಡ್ಡ ದೊಡ್ಡ ತೂತುಗಳ ಕೊಳಲಿನಿಂದ ಹೊರಡಿಸುತ್ತಿದ್ದ ತುಂಬುನಾದ ಅವನನ್ನು ಬೆರಗುಗೊಳಿಸಿತು. ಹಳೆಯ ಕೊಳಲಿನಲ್ಲಿ ತೂತುಗಳು ಇದ್ದದ್ದು ಬೆರಳು ಎಟುಕುವ ಜಾಗದಲ್ಲಿ. ಸ್ವರಶಾಸ್ತ್ರ ಕೇಳುವ ಜಾಗ ಬೇರೆ. ಬ್ಯೋಮ್ ಮೊದಲು ತೂತುಗಳನ್ನು ಸರಿಯಾದ ಜಾಗಕ್ಕೆ ಸರಿಸಿ, ಆಮೇಲೆ ಬೆರಳಿಗೆ ಎಟುಕದವನ್ನು ಮುಚ್ಚಲು ಸನ್ನೆಕೋಲುಗಳ ವ್ಯವಸ್ಥೆ ಮಾಡಿದ. ೧೮೩೨ರಲ್ಲಿ ಒಂದು ಮಾದರಿ, ೧೮೪೭ರಲ್ಲಿ ಅದಕ್ಕಿಂತ ಪರಿಪೂರ್ಣವಾದ ಇನ್ನೊಂದು. ೧೮೬೦ರಲ್ಲಿ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯ ಈ ಕೊಳಲನ್ನು ಒಪ್ಪಿಕೊಂಡಿತು.

ಶ್ರೀಮಂತ ವಾದಕರು ಹೊಸತನ್ನು ಕೊಂಡಂತೆ ಹಳೆಯವು ಮೂಲೆಗೆ ಬಿದ್ದವು, ಕಡಿಮೆ ಬೆಲೆಗೆ ಕೈ ಬದಲಾಯಿಸಿದವು. ಜರ್ಮನಿಯ ಕಾರ್ಖಾನೆಗಳಿಂದ ಅದೇ ಹಳೆಯ ನಮೂನೆಯ ಅಗ್ಗದ ಕೊಳಲುಗಳೂ ಬರುತ್ತಿದ್ದವು. ಐರ್ಲೆಂಡಿನ ಹಳ್ಳಿಗರು ಇವನ್ನು ಎತ್ತಿಕೊಂಡರು. ಅವರ ಕುಣಿತದ ಹಾಡಿಗೆ ಬೇಕಿದ್ದ ಸ್ವರಗಳೆಲ್ಲ ಆರು ತೂತಿನಲ್ಲಿಯೇ ಸಿಗುತ್ತಿದ್ದವು. ತೂತಿನ ಮೇಲೆ ಬೆರಳು ನೇರವಾಗಿ ಕೂರುವುದರಿಂದ ಸ್ವರವನ್ನು ಜಾರಿಸಲೂ ಬರುತ್ತಿತ್ತು. ಲೀಟ್ರಿಮ್ ಪ್ರಾಂತ್ಯದಿಂದ ಅಮೆರಿಕಕ್ಕೆ ವಲಸೆ ಹೋದ ಜಾನ್ ಮೆಕೆನ್ನಾ ೧೯೨೦ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದಾಗ, ಪಂಡಿತರು ಬಿಟ್ಟುಕೊಟ್ಟ ವಾದ್ಯ ಒಂದು ಜನಾಂಗದ ದನಿಯಾಗಿ ಕೇಳಿಸಿತು. ಅದಕ್ಕೆ ಬೆಲೆ ಏರಿದ್ದು ಆಮೇಲಿನ ಮಾತು.

ನಮ್ಮಲ್ಲಿ ನಡೆದದ್ದೇನು? ಈ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ಮನೆಮಾತು. ನಾಯಕ ಮುರಳೀಧರ, ಹಿಮ್ಮೇಳದಲ್ಲಿ ಮಾತ್ರ ಹಾರ್ಮೋನಿಯಂ, ತಬಲಾ, ತಾಳ! ಪ್ಯಾರಿಸ್ಸಿನ ದೆಬ್ಯಾನ್ ೧೮೪೨ರಲ್ಲಿ ಹಕ್ಕುಪತ್ರ ಪಡೆದ ವಾದ್ಯವು ನಮ್ಮ ನಾಟಕ ಕಂಪನಿಗಳಿಗೆ, ಭಜನಾ ಮಂಡಳಿಗಳಿಗೆ ಹೊಕ್ಕು 'ಪೇಟಿ'ಯಾಯಿತು. ಶ್ರುತಿಯನ್ನು ಗುರುತಿಸುವ ಭಾಷೆಯೂ ಅದರ ಮನೆಗಳಿಂದಲೇ ಬಂದಿತು. 'ಪಾಂಢರಿ ಒಂದು' ಎಂದರೆ ಮೊದಲ ಬಿಳಿಮನೆ, 'ಕಾಳಿ ಎರಡು' ಎಂದರೆ ಎರಡನೆಯ ಕರಿಮನೆ. ಜಾತ್ರೆಯ ಹುಡುಗ ಕೇಳಿದ 'ಪಟ್ಟಿ' ಇದೇ.

ಕೊಳಲು ಹಿಂದುಸ್ತಾನಿ ಸಂಗೀತದ ಮುಖ್ಯ ವೇದಿಕೆಗೆ ಬಂದದ್ದು ತಡವಾಗಿ. ಪೂರ್ವ ಬಂಗಾಳದ ಬಾರಿಸಾಲಿನಲ್ಲಿ ೧೯೧೧ರಲ್ಲಿ ಹುಟ್ಟಿದ ಪನ್ನಾಲಾಲ್ ಘೋಷ್ ಅವರು ಗಾಯಕರ ತುಂಬು ಕಂಠಕ್ಕೆ ಸಮನಾದ ನಾದವನ್ನು ಹುಡುಕುತ್ತ, ೩೨ ಅಂಗುಲ ಉದ್ದದ ಕೊಳಲಿಗೆ ತಲುಪಿದರು. ವಸ್ತು ಮಾತ್ರ ಅದೇ ಬಿದಿರು. ೧೯೬೦ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ದನಗಾಹಿಗಳ ವಾದ್ಯಕ್ಕೆ ಖಯಾಲ್ ನುಡಿಸುವ ಯೋಗ್ಯತೆ ಬಂದಿತ್ತು. ಅವರ ಶಿಷ್ಯರೂ ಅಳಿಯಂದಿರೂ ಆದ ದೇವೇಂದ್ರ ಮುರ್ಡೇಶ್ವರ ಅವರು ನಮ್ಮ ಸವಣೂರಿನಲ್ಲಿ ಹುಟ್ಟಿದವರು. ಧಾರವಾಡದಲ್ಲಿ ವೆಂಕಟೇಶ ಗೋಡ್ಖಿಂಡಿ ಅವರು ಕೊಳಲು ಕಲಿಸಿದರು. ಅವರ ಮಗ ಪ್ರವೀಣ ಗೋಡ್ಖಿಂಡಿ ಅವರನ್ನು ನೀವೆಲ್ಲ ಕೇಳಿದ್ದೀರಿ. ಇವರ ಕೈಯಲ್ಲಿದ್ದದ್ದೂ ಬೆಳ್ಳಿಯ ಕೊಳಲಲ್ಲ, ಬಿದಿರಿನದೇ.

ಈಗ ಒಂದು ಲೆಕ್ಕ ನೋಡೋಣ. ಐರ್ಲೆಂಡಿನ ಕೊಳಲನ್ನು 'ಡಿ' ಎಂದು ಕರೆಯುವುದು ಆರೂ ತೂತು ಮುಚ್ಚಿದಾಗ ಬರುವ ಸ್ವರದಿಂದ. ಬಾನ್ಸುರಿಯಲ್ಲಿ ಆರೂ ಮುಚ್ಚಿದಾಗ ಬರುವುದು ಮಂದ್ರ ಪಂಚಮ. ಷಡ್ಜ ಬರುವುದು ಮೇಲಿನ ಮೂರನ್ನು ಮುಚ್ಚಿದಾಗ. ಆದ್ದರಿಂದ ಅವರ 'ಡಿ' ಕೊಳಲೂ ನಮ್ಮ 'ಜಿ' ಕೊಳಲೂ, ಅಂದರೆ ಪಾಂಢರಿ ಐದರ ಕೊಳಲೂ, ಒಂದೇ ಸ್ವರಮಾಲೆಯವು. ತೂತುಗಳನ್ನು ಒಂದೊಂದಾಗಿ ತೆರೆಯುತ್ತ ಹೋದರೆ ನಮಗೆ ಪ, ಧ, ನಿ, ಸ, ರಿ, ಗ, ತೀವ್ರ ಮ. ಅವರ ಕಿವಿಗೆ ಅದೇ ಸ, ರಿ, ಗ, ಮ, ಪ, ಧ, ನಿ. ಮರದ ನಾದಗುಣ ಬೇರೆ ಇರಬಹುದು, ಆದರೆ ಹಾಡಿನ ಯಾವ ಸ್ವರವೂ ಕೈತಪ್ಪುವುದಿಲ್ಲ. ಅಭ್ಯಾಸಕ್ಕೆ ಸರಿಯಾಗಿ ಶ್ರುತಿಗೂಡಿಸಿದ ಬಿದಿರಿನ ಕೊಳಲು ಕೆಲವು ನೂರರಿಂದ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಉತ್ತರ ಪ್ರದೇಶದ ಪೀಲಿಭೀತ್ ಊರು ಅಸ್ಸಾಮಿನಿಂದ ಬಿದಿರು ತರಿಸಿ ಇಂಥವನ್ನು ಮಾಡುವುದರಲ್ಲಿ ಹೆಸರಾಗಿದೆ.

ದೊಡ್ಡವರು ಹಿಡಿಯುವ ಉದ್ದ ಕೊಳಲನ್ನು ನೋಡಿ ಮೊದಲಿಗೇ ಅದನ್ನು ಕೊಳ್ಳುವ ಚಪಲ ಬೇಡ. ಪಾಂಢರಿ ಮೂರರ ಕೊಳಲಿನ ತೂತುಗಳು ದೂರದೂರ. ಪ್ರೌಢಶಾಲೆಯ ಮಕ್ಕಳ ಬೆರಳು ಅಲ್ಲಿಗೆ ಎಟುಕುವುದು ಕಷ್ಟ. ಪಾಂಢರಿ ಐದು ಹಿತವಾಗುತ್ತದೆ. ಕೊಳ್ಳುವಾಗ ಊದಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ. ಆರೂ ತೂತು ಮುಚ್ಚಿ ಮೆಲ್ಲಗೆ ಊದಿದಾಗ ಮಂದ್ರ ಪಂಚಮ ಸಲೀಸಾಗಿ ಹೊರಡಬೇಕು. ಅದೇ ಬೆರಳಿಟ್ಟು ಉಸಿರು ಬಿಗಿದರೆ ಮಧ್ಯ ಪಂಚಮ ಬರಬೇಕು. ಈ ಎರಡನ್ನೂ, ಹಾಗೆಯೇ ಮಧ್ಯ ಮತ್ತು ತಾರ ಷಡ್ಜಗಳನ್ನು, ಪೇಟಿಯೊಡನೆಯಾಗಲಿ ಮೊಬೈಲಿನ ಶ್ರುತಿಮಾಪಕದೊಡನೆಯಾಗಲಿ ತಾಳೆ ನೋಡಬೇಕು. ಕೆಳಗಿನದು ಕೂಡಿ ಮೇಲಿನದು ಕೂಡದಿದ್ದರೆ ಅದನ್ನು ಅಲ್ಲಿಯೇ ಬಿಡಿ. ಬಣ್ಣ, ಹೊಳಪು, ಜರಿಯ ಗೊಂಡೆ ಇವುಗಳಿಗೆ ಕಾಸು ಹಾಕಬೇಡಿ. ಆರು ಕೊಳಲುಗಳ ಕಟ್ಟನ್ನು ಅಗ್ಗವೆಂದು ಕೊಳ್ಳುವುದಕ್ಕಿಂತ ಒಂದೇ ಒಳ್ಳೆಯದನ್ನು ಕೊಂಡು, ಉಳಿದ ಹಣವನ್ನು ಗುರುಗಳ ಬಳಿಗೆ ಹೋಗಿಬರುವ ಬಸ್ಸಿಗೆ ಇಟ್ಟುಕೊಳ್ಳುವುದು ಜಾಣತನ. ಬೇಸಿಗೆಯಲ್ಲಿ ಪರೀಕ್ಷಿಸುವುದಾದರೆ ಒಂದು ಮಾತು ನೆನಪಿರಲಿ: ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚುವುದರಿಂದ ಕೊಳಲಿನ ಎಲ್ಲ ಸ್ವರಗಳೂ ಒಟ್ಟಿಗೆ ತುಸು ಏರುತ್ತವೆ. ಅದು ದೋಷವಲ್ಲ.

ಅಷ್ಟೂ ಹಣವಿಲ್ಲವೇ? ತೋಟಕ್ಕೆ, ಮನೆಯ ವೈರಿಂಗಿಗೆ ತರುವ ಪಿವಿಸಿ ಕೊಳವೆಯ ತುಂಡು ಸಾಕು. ಎರಡೂ ತುದಿ ತೆರೆದ ಕೊಳವೆಯಲ್ಲಿ ಅರ್ಧ ತರಂಗದೂರ ನಿಲ್ಲುತ್ತದೆಂದು ಪಿಯುಸಿಯಲ್ಲಿ ಓದುತ್ತೀರಿ. ಪಾಂಢರಿ ಐದರ ಕೊಳಲಿನ ಮಂದ್ರ ಪಂಚಮದ ಕಂಪನಾಂಕ ಸುಮಾರು ೨೯೪. ಶಬ್ದದ ವೇಗ ಸೆಕೆಂಡಿಗೆ ೩೪೭ ಮೀಟರ್ ಎಂದು ಹಿಡಿದರೆ, ಅದನ್ನು ೫೮೮ರಿಂದ ಭಾಗಿಸಿದಾಗ ೫೯ ಸೆಂಟಿಮೀಟರ್ ಬರುತ್ತದೆ. ಊದುವ ತೂತಿನಿಂದ ತುದಿಯವರೆಗೆ ಇರಬೇಕಾದ ಅಳತೆ ಇದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕಡಿಮೆ, ಏಕೆಂದರೆ ಗಾಳಿಯ ಕಂಪನ ಕೊಳವೆಯ ತುದಿಯಾಚೆಗೂ ತುಸು ಚಾಚಿರುತ್ತದೆ. ಮೊದಲು ಉದ್ದವಾಗಿಯೇ ಕತ್ತರಿಸಿ, ಶ್ರುತಿ ಕೂಡುವವರೆಗೆ ತುದಿಯನ್ನು ಅರದಿಂದ ಸವೆಸುತ್ತ ಬನ್ನಿ. ಬೆರಳಿನ ತೂತುಗಳನ್ನು ಮೊದಲು ಸಣ್ಣದಾಗಿ ಕೊರೆಯಿರಿ. ತೂತು ದೊಡ್ಡದಾದಂತೆ ಸ್ವರ ಏರುತ್ತದೆ, ಒಮ್ಮೆ ಏರಿದ್ದನ್ನು ಇಳಿಸುವುದು ಕಷ್ಟ. ಮೂರ್ನಾಲ್ಕು ತುಂಡು ಹಾಳಾದರೂ ಚಿಂತೆಯಿಲ್ಲ.

ಬಿದಿರಿನ ಕೊಳಲು ಕೊಂಡವರು ಅದನ್ನು ಬಿಸಿಲಿನಲ್ಲಿ, ಸೈಕಲ್ಲಿನ ಕ್ಯಾರಿಯರಿನಲ್ಲಿ ಬಿಡಬಾರದು. ನಮ್ಮ ಒಣಹವೆಗೆ ಬಿದಿರು ಸೀಳುತ್ತದೆ. ತೂತುಗಳ ನಡುನಡುವೆ ನೂಲನ್ನು ಒತ್ತೊತ್ತಾಗಿ ಬಿಗಿದು ಸುತ್ತಿದರೆ ಸೀಳು ತಡೆಯುತ್ತದೆ. ನೂಲಿಗೇನು, ರಬಕವಿ-ಬನಹಟ್ಟಿಯಲ್ಲಿ ಮಗ್ಗವಿರುವ ಯಾವ ಮನೆಯಲ್ಲಿ ಕೇಳಿದರೂ ಒಂದು ಮಾರು ಕೊಡುತ್ತಾರೆ.