ಗೃಹಜ್ಯೋತಿ ನೋಂದಣಿಯ ಡಿ-ಲಿಂಕ್

ಗೃಹಜ್ಯೋತಿ ನೋಂದಣಿಯ ಡಿ-ಲಿಂಕ್ ಎಂಬುದು ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಫಲಾನುಭವಿಯ ಆಧಾರ್ ಸಂಖ್ಯೆಯನ್ನು ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಯಿಂದ ಬೇರ್ಪಡಿಸುವ ಪ್ರಕ್ರಿಯೆ. ಮನೆ ಬದಲಿಸುವವರು ಹೊಸ ಮನೆಯಲ್ಲಿ ಯೋಜನೆಯ ಸೌಲಭ್ಯ ಪಡೆಯಲು ಇದನ್ನು ಬಳಸುತ್ತಾರೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ 2024ರಲ್ಲಿ ಈ ಅವಕಾಶ ಕಲ್ಪಿಸಲಾಯಿತು.

ಹಿನ್ನೆಲೆ

ಯೋಜನೆಯ ನೋಂದಣಿ 2023ರ ಜೂನ್ 18ರಂದು ಆರಂಭವಾಯಿತು. ಜುಲೈ ತಿಂಗಳ ಬಳಕೆಯಿಂದ ಸೌಲಭ್ಯ ಅನ್ವಯವಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಗಸ್ಟ್ 5ರಂದು ಕಲಬುರಗಿಯಲ್ಲಿ ಯೋಜನೆಗೆ ಚಾಲನೆ ನೀಡಿದರು. ಆಳಂದ ತಾಲ್ಲೂಕಿನ ಖಜೂರಿ ಸೇರಿದಂತೆ ಕಲಬುರಗಿ ಜಿಲ್ಲೆಗೆ ವಿದ್ಯುತ್ ಪೂರೈಸುವ ಸಂಸ್ಥೆ ಜೆಸ್ಕಾಂ.

ಅರ್ಹ ಪ್ರಮಾಣ

2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿದಾಗ ಬರುವ ಯೂನಿಟ್‌ಗಳೇ ಸಾಮಾನ್ಯವಾಗಿ ಮನೆಯೊಂದರ ಅರ್ಹ ಪ್ರಮಾಣ. ಬಳಕೆಯ ದಾಖಲೆಯಿಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗಳನ್ನು ಆಧಾರವಾಗಿಟ್ಟು 58 ಯೂನಿಟ್ ನಿಗದಿಪಡಿಸಲಾಗಿದೆ. ಅರ್ಹ ಪ್ರಮಾಣ ಮೀರಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ತೆರಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ ಪಾವತಿಸಬೇಕು.

ಉದಾಹರಣೆಗೆ, ಸರಾಸರಿ 80 ಯೂನಿಟ್ ಬಳಸಿದ ಮನೆಯ ಮಿತಿ 88. 2025-26ನೇ ಸಾಲಿನ ಗೃಹಬಳಕೆ ದರ ಯೂನಿಟ್‌ಗೆ 5.80 ರೂಪಾಯಿ. ಆ ಮನೆಯವರು 200 ಯೂನಿಟ್ ಬಳಸಿದರೆ 112 ಯೂನಿಟ್‌ಗೆ 649.60 ರೂಪಾಯಿ, 201 ಬಳಸಿದರೆ 1,165.80 ರೂಪಾಯಿ ಶಕ್ತಿ ಶುಲ್ಕ ಬೀಳುತ್ತದೆ. ನಿಗದಿತ ಶುಲ್ಕ, ತೆರಿಗೆ ಮೊದಲಾದವು ಈ ಲೆಕ್ಕದಲ್ಲಿ ಸೇರಿಲ್ಲ.

ಡಿ-ಲಿಂಕ್ ನಿರ್ಧಾರ

ಒಂದು ಆಧಾರ್ ಸಂಖ್ಯೆಗೆ ಒಂದೇ ಸಂಪರ್ಕದ ಸೌಲಭ್ಯ ದೊರೆಯುತ್ತದೆ. ಹೀಗಾಗಿ ದುಡಿಮೆಗಾಗಿ ಅಥವಾ ಮಕ್ಕಳ ಓದಿಗಾಗಿ ಊರು ಬಿಡುವ ಕುಟುಂಬಗಳು ಹಳೆಯ ನೋಂದಣಿಯನ್ನು ಉಳಿಸಿಕೊಳ್ಳಬೇಕೆ, ಬಿಡಬೇಕೆ ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ.

* ಬಾಡಿಗೆ ಮನೆಯಿಂದ ರಾಜ್ಯದೊಳಗಿನ ಮತ್ತೊಂದು ಬಾಡಿಗೆ ಮನೆಗೆ ಹೋಗುವವರು ಡಿ-ಲಿಂಕ್ ಮಾಡದಿದ್ದರೆ ಹೊಸ ಮನೆಯಲ್ಲಿ ಅದೇ ಆಧಾರ್‌ನಿಂದ ನೋಂದಾಯಿಸಲಾಗದು.
* ಖಜೂರಿಯ ಸ್ವಂತ ಮನೆಯಲ್ಲಿ ತಂದೆತಾಯಿ ಉಳಿದು, ಮಗ ಕಲಬುರಗಿಯಲ್ಲಿ ಬಾಡಿಗೆಗೆ ಇದ್ದರೆ, ಊರಿನ ಸಂಪರ್ಕ ಯಾರ ಆಧಾರ್‌ಗೆ ಜೋಡಣೆಯಾಗಿದೆ ಎಂಬುದನ್ನು ಮೊದಲು ನೋಡಬೇಕು. ಅದು ಮಗನದ್ದಾಗಿದ್ದು ಅವನು ಡಿ-ಲಿಂಕ್ ಮಾಡಿದರೆ, ಊರಿನ ಮನೆಯನ್ನು ಅಲ್ಲಿರುವವರ ಆಧಾರ್‌ಗೆ ಮರುಜೋಡಣೆ ಮಾಡದ ಹೊರತು ಹಿರಿಯರಿಗೆ ಬಿಲ್ ಬರತೊಡಗುತ್ತದೆ.
* ಸೊಲ್ಲಾಪುರ, ಪುಣೆಗಳಿಗೆ ಹೋಗುವವರಿಗೆ ಅಲ್ಲಿ ಈ ಯೋಜನೆಯಿಲ್ಲ. ಹಬ್ಬಹರಿದಿನಕ್ಕೆ ಮರಳುವ ಸ್ವಂತ ಮನೆಯ ನೋಂದಣಿಯನ್ನು ಬಿಡುವುದರಿಂದ ಅವರಿಗೆ ಲಾಭವಿಲ್ಲ.

ಅರ್ಹ ಪ್ರಮಾಣವು ಮೀಟರಿನ ದಾಖಲೆಗೆ ಸೇರಿದ್ದು, ವ್ಯಕ್ತಿಯೊಡನೆ ಸಾಗುವಂಥದ್ದಲ್ಲ. ಹಳೆಯ ಮನೆಯಲ್ಲಿ 120 ಯೂನಿಟ್ ಮಿತಿಯಿದ್ದವರು 58 ಯೂನಿಟ್ ಮಿತಿಯ ಮನೆಗೆ ಹೋದರೆ, ಮೊದಲಿನಷ್ಟೇ ಬಳಸಿದರೂ 62 ಯೂನಿಟ್‌ಗೆ ಹಣ ತೆರಬೇಕು. ಆದುದರಿಂದ ಬಾಡಿಗೆ ಗೊತ್ತುಮಾಡುವ ಮುನ್ನ ಆ ಮನೆಯ ಹಿಂದಿನ ಬಿಲ್ ನೋಡುವುದು ಉಪಯುಕ್ತ.

ಇತರೆಡೆ

ಕರ್ನಾಟಕದಲ್ಲಿ ಗೃಹಬಳಕೆಯ ದರವನ್ನು 1999ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ. ಕಂಪನಿ ಆರಿಸಿ ಸ್ಥಿರ ದರದ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಇಲ್ಲಿಲ್ಲ. ಬ್ರಿಟನ್ನಿನಲ್ಲಿ ಅಂಥ ಒಪ್ಪಂದಗಳಿದ್ದು, ಅವಧಿಗೆ ಮುನ್ನ ಹೊರಬರುವವರಿಗೆ ನಿರ್ಗಮನ ಶುಲ್ಕ ಬೀಳಬಹುದು. ಆದರೆ ಅಲ್ಲಿನ ನಿಯಂತ್ರಕ ಆಫ್‌ಜೆಮ್‌ನ ನಿಯಮದಂತೆ ಅವಧಿಯ ಕೊನೆಯ 49 ದಿನಗಳಲ್ಲಿ ಆ ಶುಲ್ಕ ವಿಧಿಸುವಂತಿಲ್ಲ.